ತಗ್ಗಿದ ದನಿ, ಕಿರಿದಾದ ಹೆಜ್ಜೆ: ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಾತು ಮತ್ತು ಚಲನೆ

ಊಟದ ಹೊತ್ತಿನಲ್ಲಿ ವಯಸ್ಸಾದ ತಂದೆಯವರು ಏನನ್ನೋ ಹೇಳುತ್ತಾರೆ. ಪಕ್ಕದಲ್ಲೇ ಕುಳಿತ ಮಗನಿಗೆ ಅದು ಕೇಳಿಸುವುದಿಲ್ಲ. "ಸ್ವಲ್ಪ ಗಟ್ಟಿಯಾಗಿ ಹೇಳಿ ಅಪ್ಪಾ" ಎನ್ನುತ್ತಾನೆ. ತಾವು ಗಟ್ಟಿಯಾಗಿಯೇ ಹೇಳಿದೆವೆಂಬುದು ತಂದೆಯವರ ನಂಬಿಕೆ. ಮತ್ತೊಮ್ಮೆ ಹೇಳುವ ಬದಲು ಅವರು ಸುಮ್ಮನಾಗುತ್ತಾರೆ. ಇಂತಹ ಪ್ರಸಂಗಗಳು ದಿನಕ್ಕೆ ಹತ್ತಾರು ನಡೆದಾಗ ಮನೆಯವರು ಒಂದು ತೀರ್ಮಾನಕ್ಕೆ ಬರುತ್ತಾರೆ: ಅವರಿಗೆ ಈಗ ಯಾವುದರಲ್ಲೂ ಆಸಕ್ತಿಯಿಲ್ಲ, ವಯಸ್ಸಾಯಿತು, ಸ್ವಭಾವ ಬದಲಾಯಿತು. ತಂದೆಯವರೂ ತಮ್ಮದೊಂದು ತೀರ್ಮಾನಕ್ಕೆ ಬರುತ್ತಾರೆ: ಈ ಮನೆಯಲ್ಲಿ ಈಗ ನನ್ನ ಮಾತನ್ನು ಕೇಳುವವರಿಲ್ಲ.

ಪಾರ್ಕಿನ್ಸನ್ ಕಾಯಿಲೆಯಿರುವ ಮನೆಗಳಲ್ಲಿ ಇವೆರಡೂ ತಪ್ಪು ತೀರ್ಮಾನಗಳಾಗಿರಬಹುದು. ಈ ಕಾಯಿಲೆ ಕೈ ನಡುಗಿಸುವಂತೆಯೇ ದನಿಯನ್ನು ತಗ್ಗಿಸುತ್ತದೆ, ಹೆಜ್ಜೆಯನ್ನು ಕಿರಿದಾಗಿಸುತ್ತದೆ. ಅಷ್ಟೇ ಅಲ್ಲ, ಹಾಗೆ ತಗ್ಗಿರುವುದು ರೋಗಿಗೇ ತಿಳಿಯದಂತೆ ಮಾಡುತ್ತದೆ. ಕಳೆದ ಕೆಲವು ದಶಕಗಳಲ್ಲಿ ಹಲವು ವಿಶ್ವವಿದ್ಯಾಲಯಗಳಲ್ಲಿ ನಡೆದ ಸಂಶೋಧನೆಯ ಒಂದು ಮುಖ್ಯ ಫಲಿತಾಂಶ ಇದು. ಅದರ ಸಾರವನ್ನು ನಮ್ಮ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಕಾಯಿಲೆಗೆ ಹೆಸರು ಬಂದ ಬಗೆ

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ನಡುಗುವ ವಾತದ ಕುರಿತು ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದರು. ಅದರಲ್ಲಿ ಅವರು ವಿವರಿಸಿದ್ದು ಕೇವಲ ಆರು ಮಂದಿಯನ್ನು. ಅವರಲ್ಲಿ ಕೆಲವರನ್ನು ಅವರು ಬೀದಿಯಲ್ಲಿ ಕಂಡು ಗಮನಿಸಿದ್ದರು. ವಿಶ್ರಾಂತಿಯಲ್ಲಿರುವಾಗ ಕೈ ನಡುಗುವುದು, ಮುಂದಕ್ಕೆ ಬಾಗಿದ ಮೈ, ನಡೆಯುತ್ತ ನಡೆಯುತ್ತ ಓಟಕ್ಕೆ ತಿರುಗುವ ಹೆಜ್ಜೆ, ಇವುಗಳ ಜೊತೆಗೆ ಮಾತು ಅಸ್ಪಷ್ಟವಾಗುವುದನ್ನೂ ಅವರು ಆಗಲೇ ದಾಖಲಿಸಿದ್ದರು. ಪಾರ್ಕಿನ್ಸನ್ ಅವರು ಹುಟ್ಟಿದ್ದು 1755ರ ಏಪ್ರಿಲ್ 11ರಂದು; ಆ ದಿನವನ್ನೇ ಇಂದು ವಿಶ್ವ ಪಾರ್ಕಿನ್ಸನ್ ದಿನವೆಂದು ಆಚರಿಸಲಾಗುತ್ತದೆ.

ಕಾಯಿಲೆಗೆ ಅವರ ಹೆಸರನ್ನಿಟ್ಟವರು ಪ್ಯಾರಿಸ್ಸಿನ ಪ್ರಖ್ಯಾತ ನರರೋಗ ತಜ್ಞ ಶಾರ್ಕೊ. ಎಲ್ಲ ರೋಗಿಗಳಿಗೂ ನಡುಕವಿರುವುದಿಲ್ಲ, ಆದ್ದರಿಂದ ನಡುಕದ ಹೆಸರಿನಿಂದ ಇದನ್ನು ಕರೆಯುವುದು ಸರಿಯಲ್ಲ ಎಂಬುದು ಅವರ ವಾದ. ಸ್ನಾಯುಗಳ ದುರ್ಬಲತೆ ಬೇರೆ, ಚಲನೆಯ ನಿಧಾನ ಬೇರೆ ಎಂಬುದನ್ನೂ ಅವರು ತೋರಿಸಿಕೊಟ್ಟರು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು; ಮುಂದೆ ದನಿಯ ವಿಷಯದಲ್ಲಿಯೂ ಇದೇ ಮಾತು ಬರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ಮಂದಿಗೆ ಈ ಕಾಯಿಲೆಯಿತ್ತು. ವಯಸ್ಸು ಹೆಚ್ಚಿದಂತೆ ಕಾಯಿಲೆಯ ಸಂಭವವೂ ಹೆಚ್ಚುತ್ತದೆ. ಮುಂಬಯಿಯ ಪಾರ್ಸಿ ಕಾಲೊನಿಗಳಲ್ಲಿ ನಡೆದು 1988ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು 328 ಮಂದಿ ರೋಗಿಗಳು ಕಂಡುಬಂದರೆ, ನಿಮ್ಹಾನ್ಸ್ ತಜ್ಞರು ಬೆಂಗಳೂರು ಪ್ರದೇಶದಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಈ ಬಗೆಯ ಲಕ್ಷಣಗಳಿದ್ದವರು ಲಕ್ಷಕ್ಕೆ 33 ಮಂದಿ. ಪಾರ್ಸಿ ಸಮುದಾಯದಲ್ಲಿ ಹಿರಿಯರ ಪ್ರಮಾಣ ಬಹಳ ಹೆಚ್ಚು ಎಂಬುದನ್ನು ಮರೆತು ಈ ಎರಡು ಅಂಕಿಗಳನ್ನು ಹೋಲಿಸಬಾರದು. ಆದರೆ ಆಯುಸ್ಸು ಹೆಚ್ಚುತ್ತಿರುವ ಎಲ್ಲ ಸಮುದಾಯಗಳಿಗೂ ಇದರಲ್ಲೊಂದು ಎಚ್ಚರಿಕೆಯಿದೆ.

ಒಂದು ಮಹಾಪ್ರಬಂಧ ಕಂಡುಹಿಡಿದ ಕಪ್ಪು ಚುಕ್ಕೆ

ಕಾಯಿಲೆಯ ನೆಲೆ ಮಿದುಳಿನಲ್ಲಿ ಎಲ್ಲಿದೆ ಎಂಬುದು ಪಾರ್ಕಿನ್ಸನ್ ಅವರಿಗೂ ಶಾರ್ಕೊ ಅವರಿಗೂ ತಿಳಿದಿರಲಿಲ್ಲ. ಅದಕ್ಕೆ ಉತ್ತರ ದೊರೆತದ್ದು ಒಬ್ಬ ವಿದ್ಯಾರ್ಥಿಯ ಮಹಾಪ್ರಬಂಧದಲ್ಲಿ. ರಷ್ಯಾ ಮೂಲದ ಕಾನ್‌ಸ್ಟಾಂಟಿನ್ ಟ್ರೆಟಿಯಾಕಾಫ್ 1919ರಲ್ಲಿ ಪ್ಯಾರಿಸ್ಸಿನಲ್ಲಿ ಸಲ್ಲಿಸಿದ ಆ ಪ್ರಬಂಧ, ಮೃತ ರೋಗಿಗಳ ಮಿದುಳಿನಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ, ಅಂದರೆ ಕಪ್ಪು ದ್ರವ್ಯ ಎಂಬ ಭಾಗದ ಜೀವಕೋಶಗಳು ನಾಶವಾಗಿರುವುದನ್ನು ತೋರಿಸಿತು. ಉಳಿದ ಕೋಶಗಳಲ್ಲಿ ಫ್ರೆಡ್ರಿಕ್ ಲೂಯಿ ಎಂಬ ತಜ್ಞರು 1912ರಲ್ಲಿ ಮಿದುಳಿನ ಬೇರೆ ಭಾಗಗಳಲ್ಲಿ ಕಂಡಿದ್ದ ವಿಚಿತ್ರ ಕಣಗಳೂ ಇದ್ದವು. ಅವಕ್ಕೆ ಲೂಯಿ ಕಣಗಳೆಂಬ ಹೆಸರನ್ನು ಕೊಟ್ಟವರು ಟ್ರೆಟಿಯಾಕಾಫ್ ಅವರೇ. ಹಿರಿಯ ತಜ್ಞರಲ್ಲಿ ಅನೇಕರು ಈ ಶೋಧನೆಯನ್ನು ಬಹುಕಾಲ ಒಪ್ಪಲಿಲ್ಲ. 1938ರಲ್ಲಿ ಜರ್ಮನಿಯ ಹಾಸ್ಲರ್ ಅದನ್ನು ದೃಢಪಡಿಸಿದರು.

ಆ ಕಪ್ಪು ಭಾಗದ ಕೋಶಗಳು ಉತ್ಪಾದಿಸುವ ರಾಸಾಯನಿಕವೇ ಡೋಪಮೈನ್. ಮಿದುಳಿನಲ್ಲಿ ಅದರ ಪಾತ್ರವನ್ನು 1950ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ತೋರಿಸಿದರು. ಅವರಿಗೆ 2000ದಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಡೋಪಮೈನ್ ಬಹಳವಾಗಿ ಕುಸಿದಿರುವುದನ್ನು 1960ರಲ್ಲಿ ವಿಯೆನ್ನಾದ ಹಾರ್ನಿಕೀವಿಚ್ ಕಂಡುಕೊಂಡರು. 1967ರಲ್ಲಿ ಅಮೆರಿಕದ ಜಾರ್ಜ್ ಕೊಟ್ಜಿಯಾಸ್ ಲೆವೊಡೋಪ ಔಷಧವನ್ನು ಬಾಯಿಯ ಮೂಲಕ ಕೊಟ್ಟು ಗುಣ ಕಂಡರು. ಇಂದಿಗೂ ಪಾರ್ಕಿನ್ಸನ್ ಚಿಕಿತ್ಸೆಯ ಮುಖ್ಯ ಆಧಾರ ಅದೇ ಔಷಧ.

ಇಲ್ಲೊಂದು ಸ್ವಾರಸ್ಯವಿದೆ. ನಮ್ಮ ಹಳ್ಳಿಗಳ ಬೇಲಿಗಳಲ್ಲಿ ಬೆಳೆಯುವ, ಮೈಗೆ ತಗುಲಿದರೆ ತುರಿಸುವ ನಸುಗುನ್ನಿಯ ಬೀಜದಿಂದ ಲೆವೊಡೋಪವನ್ನು 1937ರಷ್ಟು ಹಿಂದೆಯೇ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಬೇರ್ಪಡಿಸಿದ್ದರು. ಆದರೆ ಇದನ್ನು ಓದಿ ಯಾರೂ ನಸುಗುನ್ನಿಯ ಪುಡಿಯನ್ನು ತಾವೇ ಸೇವಿಸಬಾರದು. ಬೀಜದಿಂದ ಬೀಜಕ್ಕೆ ಔಷಧದ ಪ್ರಮಾಣ ಬೇರೆಯಾಗುತ್ತದೆ; ಮಾತ್ರೆಯ ಜೊತೆಗೆ ಅದೂ ಸೇರಿದರೆ ಅಪಾಯವಾದೀತು.

ಚಲನೆಯಲ್ಲಿ ಆಗುವ ಬದಲಾವಣೆಗಳು

ನಾವು ನಡೆಯುವಾಗ ಪ್ರತಿಯೊಂದು ಹೆಜ್ಜೆಯನ್ನೂ ಯೋಚಿಸಿ ಇಡುವುದಿಲ್ಲ. ಅಭ್ಯಾಸವಾದ ಇಂತಹ ಚಲನೆಗಳನ್ನು ಸರಿಯಾದ ಅಳತೆಯಲ್ಲಿ ತಾನಾಗಿಯೇ ನಡೆಸುವ ಹೊಣೆ ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗಗಳಿಗೆ ಸೇರಿದೆ. ಅವುಗಳ ಕೆಲಸಕ್ಕೆ ಡೋಪಮೈನ್ ಬೇಕು. ಅದು ಕಡಿಮೆಯಾದಾಗ ಕಾಣಿಸುವ ಮುಖ್ಯ ಲಕ್ಷಣಗಳು ನಾಲ್ಕು: ವಿಶ್ರಾಂತಿಯಲ್ಲಿರುವಾಗ ಸೆಕೆಂಡಿಗೆ 4ರಿಂದ 6 ಬಾರಿ ಬರುವ ನಡುಕ, ಕೈಕಾಲುಗಳ ಬಿಗಿತ, ಚಲನೆಯ ನಿಧಾನ, ಮತ್ತು ಕಾಯಿಲೆ ಮುಂದುವರಿದಂತೆ ಬರುವ ಸಮತೋಲನದ ತೊಂದರೆ.

ಇವುಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ನಡುಕವಾದರೂ, ಬದುಕನ್ನು ಹೆಚ್ಚು ಬಾಧಿಸುವುದು ಚಲನೆಯ ನಿಧಾನ ಮತ್ತು ಕಿರಿದಾಗುವಿಕೆ. ನಡೆಯುವಾಗ ಒಂದು ಕೈ ಬೀಸುವುದು ನಿಲ್ಲುತ್ತದೆ. ಅಂಗಿಯ ಗುಂಡಿ ಹಾಕಲು, ಅನ್ನ ಕಲಸಲು, ಹಾಸಿಗೆಯಲ್ಲಿ ಮಗ್ಗುಲು ಬದಲಾಯಿಸಲು ಹೊತ್ತು ಹಿಡಿಯುತ್ತದೆ. ಬರೆಯುವಾಗ ಸಾಲು ಮುಂದುವರಿದಂತೆ ಅಕ್ಷರಗಳು ಚಿಕ್ಕದಾಗುತ್ತ ಹೋಗುತ್ತವೆ. ಚೆಕ್ಕಿನ ಸಹಿ ಬ್ಯಾಂಕಿನ ದಾಖಲೆಯ ಸಹಿಗೆ ಹೊಂದದೆ ಹೋಗುವುದೂ ಉಂಟು. ಮುಖದಲ್ಲಿ ಭಾವ ಮೂಡುವುದು ಕಡಿಮೆಯಾಗುತ್ತದೆ. ಬಾಗಿಲು ದಾಟುವಾಗ ಅಥವಾ ತಿರುಗುವಾಗ ಕಾಲು ನೆಲಕ್ಕೆ ಅಂಟಿಕೊಂಡಂತೆ ಹಠಾತ್ತನೆ ನಿಂತುಬಿಡುತ್ತದೆ. ಇವೆಲ್ಲಕ್ಕೂ ವರ್ಷಗಳ ಮೊದಲೇ ಮಲಬದ್ಧತೆ, ವಾಸನೆ ತಿಳಿಯದಿರುವುದು, ನಿದ್ರೆಯಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಆಡಿಸುವುದು ಕಾಣಿಸಿಕೊಳ್ಳಬಹುದು.

ಮಾತಿನಲ್ಲಿ ಆಗುವ ಬದಲಾವಣೆಗಳು

ಮಾತೂ ಒಂದು ಚಲನೆಯೇ. ಎದೆ, ಗಂಟಲು, ನಾಲಗೆ, ತುಟಿ, ದವಡೆಗಳ ಹತ್ತಾರು ಸ್ನಾಯುಗಳು ಕ್ಷಣಕ್ಷಣಕ್ಕೂ ಹೊಂದಿಕೊಂಡು ಕೆಲಸ ಮಾಡಿದಾಗ ಮಾತ್ರ ಒಂದು ಪದ ಹೊರಡುತ್ತದೆ. ಕೈ ಕಾಲುಗಳ ಚಲನೆ ಕಿರಿದಾಗುವ ಕಾಯಿಲೆಯಲ್ಲಿ ಇವುಗಳ ಚಲನೆಯೂ ಕಿರಿದಾಗುವುದು ಸಹಜ.

ಇದನ್ನು ವ್ಯವಸ್ಥಿತವಾಗಿ ವಿವರಿಸಿದವರು ಅಮೆರಿಕದ ಮೇಯೊ ಕ್ಲಿನಿಕ್‌ನ ಡಾರ್ಲಿ, ಆರನ್‌ಸನ್ ಮತ್ತು ಬ್ರೌನ್. 1969ರಲ್ಲಿ ಅವರು ಬೇರೆ ಬೇರೆ ನರರೋಗಗಳ 212 ರೋಗಿಗಳ ಮಾತನ್ನು ಧ್ವನಿಮುದ್ರಿಸಿ, 38 ಲಕ್ಷಣಗಳ ಮೇಲೆ ಅಳೆದು, ಪ್ರತಿಯೊಂದು ರೋಗಕ್ಕೂ ಮಾತಿನ ತನ್ನದೇ ಆದ ಚಹರೆಯಿದೆ ಎಂದು ತೋರಿಸಿದರು. ಪಾರ್ಕಿನ್ಸನ್ ಮಾತಿನ ಚಹರೆ ಹೀಗಿದೆ: ಏರಿಳಿತವಿಲ್ಲದ ಒಂದೇ ಸ್ಥಾಯಿಯ ದನಿ, ಎಲ್ಲ ಪದಗಳಿಗೂ ಒಂದೇ ಒತ್ತು, ಗಾಳಿ ಬೆರೆತ ಅಥವಾ ಒರಟಾದ ಸ್ವರ, ಸ್ಪಷ್ಟತೆ ಕಳೆದುಕೊಂಡ ವ್ಯಂಜನಗಳು, ಒಮ್ಮೊಮ್ಮೆ ಓಡುವ ಹೆಜ್ಜೆಯಂತೆಯೇ ಓಡುವ ಮಾತು. 1978ರಲ್ಲಿ ಲೋಗ್‌ಮನ್ ಮತ್ತು ಸಂಗಡಿಗರು 200 ರೋಗಿಗಳನ್ನು ಪರೀಕ್ಷಿಸಿದಾಗ ಅವರಲ್ಲಿ ಶೇಕಡಾ 89 ಮಂದಿಗೆ ದನಿಯ ತೊಂದರೆಯೂ ಶೇಕಡಾ 45 ಮಂದಿಗೆ ಉಚ್ಚಾರಣೆಯ ತೊಂದರೆಯೂ ಕಂಡುಬಂದವು. ಅಂದರೆ ಮಾತಿನ ಬದಲಾವಣೆ ಈ ಕಾಯಿಲೆಯ ಅಪರೂಪದ ಲಕ್ಷಣವಲ್ಲ, ಬಹುಮಂದಿಯ ಅನುಭವ.

ದನಿ ತಗ್ಗುವುದು ಎಷ್ಟು? 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೋಗಿಗಳ ದನಿ ಅದೇ ವಯಸ್ಸಿನ ಆರೋಗ್ಯವಂತರಿಗಿಂತ 2ರಿಂದ 4 ಡೆಸಿಬೆಲ್ ಕಡಿಮೆಯಿತ್ತು. ಅಂಕಿ ಸಣ್ಣದೆನಿಸಬಹುದು, ಆದರೆ 3 ಡೆಸಿಬೆಲ್ ಇಳಿಯಿತೆಂದರೆ ಧ್ವನಿಯ ಶಕ್ತಿ ಅರ್ಧವಾಯಿತೆಂದೇ ಅರ್ಥ. ಫ್ಯಾನು, ಟಿ.ವಿ., ಕುಕ್ಕರಿನ ಸೀಟಿ, ಕಿಟಕಿಯಾಚೆಯ ವಾಹನಗಳು, ಇವೆಲ್ಲದರ ನಡುವೆ ನಗರದ ಫ್ಲಾಟಿನಲ್ಲಿ ಆ ಅರ್ಧ ದನಿ ಮುಳುಗಿಹೋಗುತ್ತದೆ.

ಕೆಟ್ಟಿರುವುದು ಶಕ್ತಿಯಲ್ಲ, ಅಳತೆ

ಈ ವಿಷಯದಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ 1990ರ ದಶಕದಲ್ಲಿ ನಡೆದ ಸಂಶೋಧನೆಗಳು ಬಹಳ ಬೆಳಕು ಚೆಲ್ಲಿದವು. ಮೆಗ್ ಮಾರಿಸ್, ರಾಬರ್ಟ್ ಐಯಾನ್ಸೆಕ್ ಮತ್ತು ಸಂಗಡಿಗರು 1994 ಮತ್ತು 1996ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ರೋಗಿಗಳ ನಡಿಗೆಯನ್ನು ಅಳೆದರು. ಅವರ ಹೆಜ್ಜೆ ಕಿರಿದಾಗಿತ್ತು. ಆದರೆ ನೆಲದ ಮೇಲೆ ತಕ್ಕ ಅಂತರದಲ್ಲಿ ಅಡ್ಡ ಪಟ್ಟಿಗಳನ್ನು ಹಾಕಿ ಅವುಗಳ ಮೇಲೆ ಕಾಲಿಡಲು ಹೇಳಿದಾಗ, ಅಥವಾ ಉದ್ದ ಹೆಜ್ಜೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡು ನಡೆಯಲು ಹೇಳಿದಾಗ, ಅದೇ ರೋಗಿಗಳು ಅದೇ ಕಾಲುಗಳಿಂದ ಸಹಜ ಉದ್ದದ ಹೆಜ್ಜೆಗಳನ್ನಿಟ್ಟರು. ಗಮನ ಬೇರೆಡೆಗೆ ಹರಿದೊಡನೆ ಹೆಜ್ಜೆ ಮತ್ತೆ ಕಿರಿದಾಯಿತು.

ಅದೇ ನಗರದಲ್ಲಿ ಐಲೀನ್ ಹೋ ಮತ್ತು ಸಹೋದ್ಯೋಗಿಗಳು ದನಿಯ ಕುರಿತು ಇದೇ ಬಗೆಯ ಪ್ರಶ್ನೆ ಕೇಳಿದರು. ಸುತ್ತ ಗದ್ದಲ ಹೆಚ್ಚಿದಾಗ ನಾವೆಲ್ಲರೂ ಅರಿವಿಲ್ಲದೆಯೇ ದನಿ ಏರಿಸುತ್ತೇವೆ. 1999ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಪಾರ್ಕಿನ್ಸನ್ ರೋಗಿಗಳು ಹಾಗೆ ತಾವಾಗಿ ದನಿ ಏರಿಸಲಿಲ್ಲ. ಆದರೆ ಗಟ್ಟಿಯಾಗಿ ಮಾತನಾಡಿ ಎಂದು ಸ್ಪಷ್ಟವಾಗಿ ಹೇಳಿದಾಗ ಏರಿಸಬಲ್ಲವರಾಗಿದ್ದರು. ಮುಂದಿನ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ ಮತ್ತಷ್ಟು ಮುಖ್ಯವಾದುದು: ರೋಗಿಗಳು ತಮ್ಮ ದನಿಯನ್ನು ಅದು ಇದ್ದುದಕ್ಕಿಂತ ಜೋರಾಗಿದೆಯೆಂದು ಅಂದಾಜು ಮಾಡುತ್ತಿದ್ದರು.

ಇವೆರಡನ್ನೂ ಸೇರಿಸಿ ನೋಡಿದರೆ ಒಂದು ಚಿತ್ರ ಮೂಡುತ್ತದೆ. ಗಂಟಲಿನಲ್ಲಿ ಶಕ್ತಿಯಿದೆ, ಕಾಲಿನಲ್ಲಿಯೂ ಇದೆ. ಎಷ್ಟು ಬೇಕು ಎಂದು ತಾನಾಗಿ ನಿರ್ಣಯಿಸುವ ಒಳಗಿನ ಅಳತೆಗೋಲು ಮಾತ್ರ ಚಿಕ್ಕದಾಗಿದೆ. ಆ ಅಳತೆಗೋಲಿನಿಂದಲೇ ತಮ್ಮನ್ನು ಅಳೆದುಕೊಳ್ಳುವ ರೋಗಿಗೆ ಎಲ್ಲವೂ ಸರಿಯಾಗಿಯೇ ಇದೆಯೆನಿಸುತ್ತದೆ. ಎಲ್ಲರಂತೆ ಮಾತನಾಡಿದರೆ ತಾವು ಕೂಗುತ್ತಿದ್ದೇವೆ ಎನಿಸುತ್ತದೆ. ತಮ್ಮ ದನಿ ಗಟ್ಟಿಯಾಗಿದೆ ಎಂದು ವಾದಿಸುವ ಹಿರಿಯರು ಹಠ ಮಾಡುತ್ತಿಲ್ಲ. ತಮಗೆ ಕೇಳಿಸಿದ್ದನ್ನೇ ಹೇಳುತ್ತಿದ್ದಾರೆ.

ಇಂತಹ ಸಂಶೋಧನೆ ನಡೆಯುವ ರೀತಿ

ಪಿಎಚ್.ಡಿ. ಪದವಿಗಾಗಿ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಸಾಮಾನ್ಯವಾಗಿ ರೋಗಿಗಳನ್ನೂ ಅದೇ ವಯಸ್ಸಿನ ಆರೋಗ್ಯವಂತರನ್ನೂ ಜೊತೆಯಾಗಿ ಪರೀಕ್ಷಿಸುತ್ತಾರೆ. ವಯಸ್ಸಿನಿಂದ ಆದ ಬದಲಾವಣೆ ಯಾವುದು, ಕಾಯಿಲೆಯಿಂದ ಆದದ್ದು ಯಾವುದು ಎಂದು ಬೇರ್ಪಡಿಸಲು ಇದು ಅಗತ್ಯ. ಒಂದೇ ಉಸಿರಿನಲ್ಲಿ "ಆ" ಎಂದು ಎಷ್ಟು ಹೊತ್ತು ಎಳೆಯಬಲ್ಲರು, "ಪ-ತ-ಕ" ಎಂಬುದನ್ನು ಎಷ್ಟು ಬೇಗ ಮತ್ತು ಎಷ್ಟು ಸಮನಾಗಿ ಹೇಳಬಲ್ಲರು ಎಂದು ನೋಡುತ್ತಾರೆ. ಒಂದು ಗದ್ಯಭಾಗವನ್ನು ಓದಿಸುತ್ತಾರೆ, ಹಾಗೆಯೇ ತೋಚಿದಂತೆ ಮಾತನಾಡಿಸುತ್ತಾರೆ. ಧ್ವನಿಮುದ್ರಿಕೆಯಿಂದ ದನಿಯ ಮಟ್ಟ, ಸ್ಥಾಯಿಯ ಏರಿಳಿತ, ಕಂಪನದಿಂದ ಕಂಪನಕ್ಕೆ ಆಗುವ ವ್ಯತ್ಯಾಸ, ಸ್ವರಗಳ ಸ್ಪಷ್ಟತೆ ಇವುಗಳನ್ನು ಅಳೆಯುತ್ತಾರೆ. ಚಲನೆಗೆ ಬೆರಳು ತಟ್ಟುವ ವೇಗ, ಹೆಜ್ಜೆಯ ಉದ್ದ, ತಿರುಗಲು ಬೇಕಾಗುವ ಹೆಜ್ಜೆಗಳ ಸಂಖ್ಯೆ ಮುಂತಾದವುಗಳಿವೆ. ಮಾತ್ರೆಯ ಪ್ರಭಾವವಿರುವಾಗ ಒಮ್ಮೆ, ಅದು ಇಳಿದಾಗ ಒಮ್ಮೆ, ಹೀಗೆ ಎರಡು ಬಾರಿ ಅಳೆಯುವುದೂ ಉಂಟು.

ಒಂದು ಉದಾಹರಣೆ ನೋಡಬಹುದು. ಅಥನಾಸಿಯಸ್ ತ್ಸನಾಸ್ ಅವರು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ 2012ರಲ್ಲಿ ಸಲ್ಲಿಸಿದ ಮಹಾಪ್ರಬಂಧದ ವಿಷಯ, ಮನೆಯಲ್ಲೇ ಮುದ್ರಿಸಿದ ದನಿಯಿಂದ ಪಾರ್ಕಿನ್ಸನ್ ಕಾಯಿಲೆಯ ತೀವ್ರತೆಯನ್ನು ದೂರದಿಂದಲೇ ಅಂದಾಜು ಮಾಡುವುದು. 42 ರೋಗಿಗಳು ಆರು ತಿಂಗಳ ಕಾಲ ಮನೆಯಲ್ಲಿ ಮಾಡಿದ ಸುಮಾರು 6,000 ಧ್ವನಿಮುದ್ರಿಕೆಗಳು ಅವರ ಕೆಲಸಕ್ಕೆ ಆಧಾರ. ಅಂದಾಜು ಬಹುಮಟ್ಟಿಗೆ ಸರಿಯಾಗಿತ್ತು. ಆದರೆ ಹಲವು ದೇಶಗಳ ಜನರಿಂದ ಸಾಮಾನ್ಯ ಟೆಲಿಫೋನಿನ ಮೂಲಕ ದನಿ ಪಡೆದು ರೋಗಿ ಯಾರು, ಆರೋಗ್ಯವಂತ ಯಾರು ಎಂದು ಗುರುತಿಸಲು ಯತ್ನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಿಯುತ್ತರ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಆದ್ದರಿಂದ ಮೊಬೈಲ್ ಫೋನಿನ ಯಾವುದೋ ತಂತ್ರಾಂಶ ಕೊಡುವ ಉತ್ತರವನ್ನು ರೋಗನಿರ್ಣಯವೆಂದು ಭಾವಿಸಬಾರದು. ಈ ಕಾಯಿಲೆಯನ್ನು ನಿರ್ಣಯಿಸುವುದು ಇಂದಿಗೂ ಮುಖ್ಯವಾಗಿ ನರರೋಗ ತಜ್ಞರ ಕಣ್ಣು ಮತ್ತು ಕೈ.

ಕನ್ನಡದ ಪ್ರಶ್ನೆ

ಮೇಲೆ ಹೇಳಿದ ಅಧ್ಯಯನಗಳು ಬಹುಪಾಲು ಇಂಗ್ಲಿಷ್ ಮಾತಿನವು. ಕನ್ನಡಕ್ಕೆ ಅವು ಎಷ್ಟರಮಟ್ಟಿಗೆ ಅನ್ವಯಿಸುತ್ತವೆ ಎಂದು ಕೇಳುವುದು ನ್ಯಾಯವೇ.

"ಆ" ಎಂದು ಎಳೆಯುವುದಕ್ಕೆ ಯಾವ ಭಾಷೆಯೂ ಬೇಕಿಲ್ಲ. ಆದರೆ ಮಾತಿನ ಅರ್ಥವನ್ನು ಯಾವ ವ್ಯತ್ಯಾಸಗಳು ಹೊತ್ತಿವೆ ಎಂಬುದು ಭಾಷೆಯಿಂದ ಭಾಷೆಗೆ ಬೇರೆ. ಕನ್ನಡದಲ್ಲಿ ಹ್ರಸ್ವ ದೀರ್ಘಗಳ ಭೇದ ಪದವನ್ನೇ ಬದಲಾಯಿಸುತ್ತದೆ: ಮನ, ಮಾನ. ಒತ್ತಕ್ಷರದ ಭೇದವೂ ಹಾಗೆಯೇ: ಕತೆ, ಕತ್ತೆ. ನಾಲಗೆ ಎಲ್ಲಿ ತಗುಲುತ್ತದೆ ಎಂಬುದರ ಮೇಲೆ ಹಲ್ಲಿ, ಹಳ್ಳಿಯಾಗುತ್ತದೆ. ನಾಲಗೆಯ ಚಲನೆ ಕಿರಿದಾಗಿ, ವ್ಯಂಜನಗಳು ಪೂರ್ತಿ ಮುಚ್ಚದೆ ಸಡಿಲವಾಗುವ ಕಾಯಿಲೆಯಲ್ಲಿ ಇಂತಹ ಭೇದಗಳಿಗೆ ಧಕ್ಕೆ ಒದಗುವ ಸಂಭವವಿದೆ.

ಇದಕ್ಕಿಂತ ಹೆಚ್ಚಿನ ಇನ್ನೊಂದು ಸಂಗತಿಯಿದೆ. ಪಾರ್ಕಿನ್ಸನ್ ದನಿ ಮಾತು ಮುಂದುವರಿದಂತೆ ಇಳಿಯುತ್ತ ಹೋಗುತ್ತದೆ. ಕನ್ನಡ ವಾಕ್ಯದ ತಿರುಳು ಇರುವುದೋ ಅದರ ಕೊನೆಯಲ್ಲಿ. ಯಾರು, ಯಾವಾಗ, ಹೌದೋ ಅಲ್ಲವೋ ಎಂಬುದೆಲ್ಲ ಕ್ರಿಯಾಪದದ ತುದಿಯಲ್ಲಿದೆ. "ನಾಳೆ ಡಾಕ್ಟರ ಹತ್ತಿರ ಹೋಗುವುದು ಬೇಡ" ಎಂಬ ಮಾತಿನಲ್ಲಿ ಕೊನೆಯ ಪದ ಕೇಳಿಸದಿದ್ದರೆ ಉಳಿದ ಮಾತಿನಿಂದ ಏನೂ ತಿಳಿಯುವುದಿಲ್ಲ. ಬೇಕೆಂದರೋ ಬೇಡವೆಂದರೋ ಎಂದು ಊಹಿಸಬೇಕು. ಮನೆಯವರು ತಮಗೆ ತೋಚಿದ ಕಡೆಗೆ ಊಹಿಸುತ್ತಾರೆ. ಹಿರಿಯರ ಇಷ್ಟಾನಿಷ್ಟಗಳು ಹೀಗೆ ಅವರ ಕೈತಪ್ಪಿ ಹೋಗುತ್ತವೆ.

ಆದ್ದರಿಂದ ಕನ್ನಡಿಗ ರೋಗಿಗಳ ಮಾತನ್ನು ಕನ್ನಡದಲ್ಲಿಯೇ ಅಳೆಯುವ ಸಂಶೋಧನೆ ಅವಶ್ಯ. ಮೈಸೂರಿನಲ್ಲಿ 1960ರ ದಶಕದಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಇಂತಹ ಕೆಲಸಕ್ಕೆ ಸಹಜ ನೆಲೆಗಳು. ವಾಕ್ ಚಿಕಿತ್ಸೆಯ ಶಿಕ್ಷಣ ಮತ್ತು ಸಂಶೋಧನೆ ಎರಡೂ ಅಲ್ಲಿ ನಡೆಯುತ್ತವೆ.

ಹೊರನಾಡಿನಲ್ಲಿರುವ ನಮ್ಮ ಸ್ಥಿತಿ ಸ್ವಲ್ಪ ಬೇರೆ. ಮುಂಬಯಿ, ಪುಣೆಗಳಲ್ಲಿ ಚಿಕಿತ್ಸಕರು ಮರಾಠಿ ಅಥವಾ ಹಿಂದಿಯಲ್ಲಿ, ಚೆನ್ನೈನಲ್ಲಿ ತಮಿಳಿನಲ್ಲಿ, ಹೈದರಾಬಾದಿನಲ್ಲಿ ತೆಲುಗಿನಲ್ಲಿ ಮಾತನಾಡಿಸುತ್ತಾರೆ. ಕಚೇರಿಯಲ್ಲಿ ನಾಲ್ವತ್ತು ವರ್ಷ ಬೇರೆ ಭಾಷೆಯಲ್ಲಿ ವ್ಯವಹರಿಸಿದವರು ಚಿಕಿತ್ಸಕರ ಮುಂದೆಯೂ ಅದನ್ನೇ ಬಳಸುತ್ತಾರೆ. ಆದರೆ ಮನೆಯಲ್ಲಿ ಅವರು ಕಾಫಿ ಕೇಳುವುದು, ಮೊಮ್ಮಕ್ಕಳನ್ನು ಕರೆಯುವುದು ಕನ್ನಡದಲ್ಲಿ. ಅಭ್ಯಾಸವೂ ಆ ಕನ್ನಡದಲ್ಲಿ ನಡೆದರೆ ಮಾತ್ರ ಚಿಕಿತ್ಸೆ ಮನೆಯ ತನಕ ಬಂದಂತಾಗುತ್ತದೆ.

ಚಿಕಿತ್ಸೆ

ಲೆವೊಡೋಪ ಔಷಧ ಕೈ ಕಾಲುಗಳ ನಿಧಾನಕ್ಕೆ ಚೆನ್ನಾಗಿ ಗುಣ ಕೊಡುತ್ತದೆ. ಮಾತಿನ ಮೇಲೆ ಅದರ ಪರಿಣಾಮ ಅಷ್ಟು ನಿಶ್ಚಿತವಲ್ಲ. ಮಿದುಳಿನೊಳಗೆ ತಂತಿಯಿಟ್ಟು ವಿದ್ಯುತ್ ಪ್ರಚೋದನೆ ಕೊಡುವ ಶಸ್ತ್ರಚಿಕಿತ್ಸೆ ನಡುಕ ಮತ್ತು ಬಿಗಿತಗಳಿಗೆ ನೆರವಾದರೂ, ಕೆಲವರಲ್ಲಿ ಅದರ ನಂತರ ಮಾತು ಇನ್ನಷ್ಟು ಅಸ್ಪಷ್ಟವಾಗುತ್ತದೆ. ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ಮಾತಿನ ಬಗ್ಗೆಯೂ ವೈದ್ಯರನ್ನು ಕೇಳಿ ತಿಳಿಯುವುದು ಒಳ್ಳೆಯದು.

ಮಾತಿಗೆ ಪ್ರತ್ಯೇಕ ಅಭ್ಯಾಸವೇ ಬೇಕು. ಅಮೆರಿಕದ ಅರಿಜೋನಾದಲ್ಲಿ ಲೀ ಸಿಲ್ವರ್‌ಮನ್ ಎಂಬ ಮಹಿಳೆಗೆ ಈ ಕಾಯಿಲೆಯಿತ್ತು. ಆಕೆಯ ಮಾತು ತಮಗೆ ಕೇಳಿಸಿ ಅರ್ಥವಾದರೆ ಸಾಕೆಂಬುದು ಮನೆಯವರ ಹಂಬಲವಾಗಿತ್ತು. 1987ರಲ್ಲಿ ಲೊರೇನ್ ರಾಮಿಗ್ ಮತ್ತು ಸಂಗಡಿಗರು ರೂಪಿಸತೊಡಗಿದ ಚಿಕಿತ್ಸಾ ಕ್ರಮಕ್ಕೆ ಆ ಮಹಿಳೆಯ ಹೆಸರನ್ನೇ ಇಟ್ಟರು. ಅದು ಎಲ್.ಎಸ್.ವಿ.ಟಿ. ಎಂದು ಪ್ರಸಿದ್ಧವಾಗಿದೆ. ವಾರಕ್ಕೆ 4 ದಿನ, ದಿನಕ್ಕೆ ಒಂದು ಗಂಟೆ, 4 ವಾರ, ಒಟ್ಟು 16 ಪಾಠಗಳು. ಸೂಚನೆ ಒಂದೇ: ಗಟ್ಟಿಯಾಗಿ ಮಾತನಾಡಿ. ಉಚ್ಚಾರಣೆ, ವೇಗ, ಉಸಿರು ಎಂದು ಹತ್ತು ಕಡೆ ಗಮನ ಹಂಚುವುದಿಲ್ಲ. ಹಾಗೆ ಮಾತನಾಡಿದಾಗ ತಮಗೆ ಕೂಗಿದಂತೆ ಎನಿಸಿದರೂ ಎದುರಿನವರಿಗೆ ಅದು ಸಹಜ ದನಿಯೇ ಎಂಬುದನ್ನು ರೋಗಿ ಮತ್ತೆ ಕಲಿಯಬೇಕು. ಅಳತೆಗೋಲನ್ನು ತಿದ್ದುವುದೆಂದರೆ ಇದೇ.

ಇಂಗ್ಲೆಂಡಿನ ನೇತೃತ್ವದಲ್ಲಿ 388 ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಮಾತಿನ ತೊಂದರೆಯಿಂದ ಬದುಕಿಗೆ ಆಗುವ ಬಾಧೆಯನ್ನು ಈ ಕ್ರಮ ಕಡಿಮೆ ಮಾಡಿತು. ಅಲ್ಲಿನ ಸರ್ಕಾರಿ ಆಸ್ಪತ್ರೆಗಳ ವಾಡಿಕೆಯ ವಾಕ್ ಚಿಕಿತ್ಸೆಯಿಂದ ಅಂತಹ ಪ್ರಯೋಜನ ಕಾಣಲಿಲ್ಲ. ಇದೇ ತತ್ತ್ವವನ್ನು ಚಲನೆಗೂ ಅನ್ವಯಿಸಿ, ದೊಡ್ಡ ಹೆಜ್ಜೆ ಮತ್ತು ದೊಡ್ಡ ಕೈಬೀಸುಗಳ ವ್ಯಾಯಾಮವನ್ನು ರೂಪಿಸಲಾಗಿದೆ. ಬರ್ಲಿನ್ನಿನಲ್ಲಿ 60 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಕೋಲು ಹಿಡಿದು ನಡೆಯುವ ವ್ಯಾಯಾಮಕ್ಕಿಂತಲೂ ಮನೆಯಲ್ಲಿ ತಾವೇ ಮಾಡುವ ವ್ಯಾಯಾಮಕ್ಕಿಂತಲೂ ಹೆಚ್ಚು ಗುಣ ಕೊಟ್ಟಿತು. ಆದರೆ ಯಾವ ಅಭ್ಯಾಸವೂ ನಿಲ್ಲಿಸಿದ ಮೇಲೆ ಉಳಿಯುವುದಿಲ್ಲ, ದಿನವೂ ಮುಂದುವರಿಸಬೇಕು.

ಮನೆಯವರು ಮಾಡಬಹುದಾದದ್ದು

ಎಲ್.ಎಸ್.ವಿ.ಟಿ. ಕ್ರಮದಲ್ಲಿ ರೋಗಿ ದಿನವೂ ಆಡುವ ಹತ್ತು ವಾಕ್ಯಗಳನ್ನು ಆರಿಸಿಕೊಂಡು ಗಟ್ಟಿಯಾಗಿ ಅಭ್ಯಾಸ ಮಾಡಿಸುತ್ತಾರೆ. ಆ ಹತ್ತು ವಾಕ್ಯಗಳನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ಮನೆಯವರದು. "ಕಾಫಿ ಆಯಿತೇ?", "ಪೇಪರ್ ಬಂತೇ?", "ಫ್ಯಾನು ಹಾಕು", "ನನಗೆ ಈಗ ಬೇಡ", ಹೀಗೆ. ಚಿಕಿತ್ಸಕರಿಗೆ ಕನ್ನಡ ತಿಳಿಯದಿದ್ದರೂ ದನಿಯ ಮಟ್ಟವನ್ನು ಅವರು ಅಳೆಯಬಲ್ಲರು.

ಮಾತನಾಡುವಾಗ ಟಿ.ವಿ. ನಿಲ್ಲಿಸಿ ಎದುರಿಗೆ ಕುಳಿತು ಕೇಳಬೇಕು. ಕೇಳಿಸದಿದ್ದಾಗ "ಏನು?" ಎಂದು ಪದೇ ಪದೇ ಕೇಳುವುದಕ್ಕಿಂತ, ಕೇಳಿಸಿದಷ್ಟನ್ನು ತಿರುಗಿ ಹೇಳಿ ಉಳಿದ ತುದಿಯನ್ನು ಮಾತ್ರ ಕೇಳುವುದು ಉತ್ತಮ: "ನಾಳೆ ಡಾಕ್ಟರ ಹತ್ತಿರ ಹೋಗುವುದು, ಬೇಕೋ ಬೇಡವೋ ಅಪ್ಪಾ?" ಮಾತು ಆರಂಭವಾಗಲು ಹಿಡಿಯುವ ಕೆಲವು ಕ್ಷಣಗಳನ್ನು ಕಾಯಬೇಕು, ಅವರ ವಾಕ್ಯವನ್ನು ನಾವೇ ಮುಗಿಸಬಾರದು. ಮುಖದಲ್ಲಿ ನಗು ಕಾಣದಿದ್ದರೆ ಮನಸ್ಸಿನಲ್ಲಿಯೂ ಇಲ್ಲವೆಂದು ತಿಳಿಯಬಾರದು. ಖಿನ್ನತೆಯೂ ಈ ಕಾಯಿಲೆಯ ಜೊತೆಗೆ ಬರಬಹುದಾದ್ದರಿಂದ, ಅನುಮಾನವಿದ್ದರೆ ವೈದ್ಯರನ್ನು ಕೇಳಬೇಕು.

ನಡೆಯುವಾಗ ಕಾಲು ಅಂಟಿ ನಿಂತರೆ ಎಳೆಯಬಾರದು, ಅವಸರಪಡಿಸಬಾರದು. ನಿಂತು, ಉಸಿರು ತೆಗೆದುಕೊಂಡು, "ಒಂದು, ಎರಡು" ಎಂದು ಎಣಿಸಿ ದೊಡ್ಡ ಹೆಜ್ಜೆಯಿಡಲು ಹೇಳಬಹುದು. ಬಚ್ಚಲಿನ ದಾರಿಯಲ್ಲಿ ನೆಲಕ್ಕೆ ಬಣ್ಣದ ಪಟ್ಟಿ ಅಂಟಿಸುವುದು ಹಲವರಿಗೆ ನೆರವಾಗುತ್ತದೆ. ನಡೆಯುತ್ತಿರುವಾಗ ಮಾತಿಗೆಳೆಯದಿರುವುದು ಲೇಸು, ಏಕೆಂದರೆ ಗಮನ ಹರಿದೊಡನೆ ಹೆಜ್ಜೆ ಕಿರಿದಾಗುತ್ತದೆ. ಊಟದಲ್ಲಿ ಪದೇ ಪದೇ ಕೆಮ್ಮು ಬಂದರೆ, ಉಂಡ ಮೇಲೆ ದನಿ ನೀರು ತುಂಬಿದಂತೆ ಕೇಳಿಸಿದರೆ ಅದನ್ನು ಅಲಕ್ಷಿಸಬಾರದು. ನುಂಗುವ ಸ್ನಾಯುಗಳೂ ನಿಧಾನವಾಗಿವೆ ಎಂಬುದರ ಸೂಚನೆ ಅದು. ಆಹಾರ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯ ಆಗಬಹುದು. ನುಂಗುವಿಕೆಯನ್ನು ಪರೀಕ್ಷಿಸುವವರೂ ವಾಕ್ ಚಿಕಿತ್ಸಕರೇ. ಮಾತ್ರೆಗಳನ್ನು ನಿಗದಿತ ವೇಳೆಗೆ ಕೊಡಬೇಕು, ಇದ್ದಕ್ಕಿದ್ದಂತೆ ನಿಲ್ಲಿಸಬಾರದು.

ರೋಗಿಗಳಿಗೂ ಮನೆಯವರಿಗೂ ನೆರವಾಗುವ ಸಂಘಟನೆಗಳೂ ಇವೆ. ಮುಂಬಯಿಯಲ್ಲಿ 2001ರಲ್ಲಿ ಆರಂಭವಾದ ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ ಹಲವು ಊರುಗಳಲ್ಲಿ ರೋಗಿಗಳ ಬಳಗಗಳನ್ನು ನಡೆಸುತ್ತದೆ. ಪುಣೆಯಲ್ಲಿ ಪಾರ್ಕಿನ್ಸನ್ಸ್ ಮಿತ್ರಮಂಡಳವಿದೆ.

ನಮ್ಮಂತಹ ಸಂಘಗಳೂ ತಮ್ಮ ಪಾಲಿನ ಕೆಲಸ ಮಾಡಬಹುದು. ಒಂದು ಕಾಲದಲ್ಲಿ ನಾಟಕದ ಪಾತ್ರ ಮಾಡಿದವರು, ಗಮಕ ವಾಚನ ಮಾಡಿದವರು, ಸಭೆಗಳಲ್ಲಿ ಸ್ವಾಗತ ಕೋರಿದವರು ಇಂದು ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತಿರುತ್ತಾರೆ, ಇಲ್ಲವೆ ಬರುವುದನ್ನೇ ಬಿಟ್ಟಿರುತ್ತಾರೆ. ಅವರ ಮುಂದೊಂದು ಮೈಕ್ ಇಟ್ಟು, ಗಟ್ಟಿಯಾಗಿ ಹೇಳಿ ಎಂದು ನೆನಪಿಸಿ, ಅವರು ಮುಗಿಸುವ ತನಕ ಕಾಯುವುದಕ್ಕೆ ಹಣವಾಗಲಿ ಪಾಂಡಿತ್ಯವಾಗಲಿ ಬೇಕಾಗಿಲ್ಲ. ದನಿ ಅವರಲ್ಲಿ ಇನ್ನೂ ಇದೆ ಎಂಬುದನ್ನು ಸಂಶೋಧನೆ ತೋರಿಸಿಕೊಟ್ಟಿದೆ. ವಾಕ್ಯದ ಕೊನೆಯ ಪದದವರೆಗೆ ಕಿವಿಗೊಟ್ಟು ಕೇಳುವುದು ನಮಗೆ ಸೇರಿದ ಕೆಲಸ.